ಸೊಸೆಯ ಕೈಗುಣ

ತಿರುಗುವುದಕ್ಕೇನೂ ಕೊರತೆಯಿರಲಿಲ್ಲ. ಗುಂಡಿ ಒತ್ತಿದರೆ ಸಾಕು, ಡ್ರೈಯರ್ ಗಡಗಡ ಸದ್ದು ಮಾಡುತ್ತ ಎಷ್ಟು ಹೊತ್ತು ಬೇಕಾದರೂ ತಿರುಗುತ್ತಿತ್ತು. ಬಾಗಿಲು ತೆಗೆದು ಕೈಯಿಟ್ಟರೆ ಮಾತ್ರ ಒಳಗಿನ ಬಟ್ಟೆಗಳು ಹಾಕುವಾಗ ಹೇಗಿದ್ದವೋ ಹಾಗೆಯೇ ಒದ್ದೆಯಾಗಿ, ತಣ್ಣಗೆ, ಒಂದಕ್ಕೊಂದು ಸುತ್ತಿಕೊಂಡು ಬಿದ್ದಿರುತ್ತಿದ್ದವು.

"ಇದೇನು ಬಟ್ಟೆ ಒಣಗಿಸೋ ಮೆಷಿನ್ನೋ, ಬಟ್ಟೆಗೆ ಜೋಕಾಲಿ ಆಡಿಸೋ ಮೆಷಿನ್ನೋ?" ಎಂದು ಅತ್ತೆ ಅದರ ನೆತ್ತಿಯ ಮೇಲೊಂದು ಏಟು ಕೊಟ್ಟಳು. ಏಟಿಗೂ ಅದು ಬಿಸಿಯಾಗಲಿಲ್ಲ. ಬಿಸಿಯಾದದ್ದು ಅತ್ತೆಯೇ.

ಅವಳ ಸಿಟ್ಟಿಗೆ ಕಾರಣವಿತ್ತು. ಆ ಮನೆಯಲ್ಲಿ ಒಣಗಿದ ಬಟ್ಟೆಯೆಂದರೆ ಸಣ್ಣ ಸಂಗತಿಯಲ್ಲ. ಅವಳ ಗಂಡ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ನಿವೃತ್ತಿಯಾಗಿ ಎಷ್ಟೋ ವರ್ಷವಾದರೂ ಬೀದಿಯವರ ಬಾಯಲ್ಲಿ ಈಗಲೂ ಕಂಡಕ್ಟರೇ. ಲಕ್ವ ಹೊಡೆದು ಎಡಪಕ್ಕ ಸ್ವಾಧೀನ ತಪ್ಪಿದ ಮೇಲೆ ನಡುಮನೆಯ ಮಂಚವೇ ಅವನ ಬಸ್ಸು. ದಿನಕ್ಕೆ ನಾಲ್ಕಾರು ಸಲ ಬೆಡ್‌ಶೀಟು ಬದಲಾಯಿಸಬೇಕು. ಒದ್ದೆಯ ಮೇಲೆ ಮಲಗಿದರೆ ಬೆನ್ನು ಹುಣ್ಣಾಗುತ್ತದೆ, ಹುಣ್ಣಾದರೆ ಮಾಯುವುದಿಲ್ಲ ಎಂದು ಡಾಕ್ಟರು ಹೆದರಿಸಿದ್ದರು. ಹೊರಗೆ ನೋಡಿದರೆ ಚಳಿಗಾಲ, ಸೂರ್ಯ ಮುಖ ತೋರಿಸಿ ವಾರಗಳಾಗಿದ್ದವು. ಅತ್ತೆಯ ಬಲಭುಜ ಹಿಡಿದುಕೊಂಡು ಕೈ ಕಿವಿಯಿಂದ ಮೇಲಕ್ಕೆ ಏಳುತ್ತಿರಲಿಲ್ಲ, ಆದ್ದರಿಂದ ಹಗ್ಗದ ಮೇಲೆ ಬಟ್ಟೆ ಹರವುವುದು ಅವಳಿಂದ ಆಗುವ ಮಾತಲ್ಲ. ಮಗ ವಿಮಾ ಕಚೇರಿಯ ಗುಮಾಸ್ತ. ಅವನು ಬಟ್ಟೆ ಹರವಬಹುದು ಎಂಬುದು ಆ ಮನೆಯಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ, ಅವನ ತಲೆಗಂತೂ ಕೇಳಲೇಬೇಡಿ. ಉಳಿದವಳು ಸೊಸೆ.

ಸೊಸೆ ಪೇಟೆಯ ಕನ್ನಡಕದಂಗಡಿಗೆ ಕೆಲಸಕ್ಕೆ ಸೇರಿ ಸ್ವಲ್ಪ ಕಾಲವಾಗಿತ್ತು. ಗಾಜನ್ನು ಸಾಣೆ ಹಿಡಿದು ಫ್ರೇಮಿಗೆ ಕೂರಿಸುವ ಕೆಲಸ. ಮದುವೆಗೆ ಮುಂಚೆ ಕಲಿತದ್ದು, ಮಗಳು ಹುಟ್ಟಿದಾಗ ಬಿಟ್ಟದ್ದು. ಮಗಳು ಹೈಸ್ಕೂಲು ಮುಟ್ಟಿದ ಮೇಲೆ ಮತ್ತೆ ಹೋಗುತ್ತೇನೆ ಎಂದಾಗ ಗಂಡ, "ಮನೆ ಕೆಲಸಕ್ಕೆ ತೊಂದರೆ ಆಗದಿದ್ರೆ ಹೋಗು" ಎಂದಿದ್ದ. ಅದಕ್ಕೆಂದೇ ಈ ಡ್ರೈಯರ್ ಬಂದದ್ದು. ಅಂದರೆ ಅವಳ ಕೆಲಸ ನಿಂತಿದ್ದುದೇ ಈ ಪೆಟ್ಟಿಗೆಯ ಬಿಸಿಯ ಮೇಲೆ. ಅಂಗಡಿಯ ಒಡತಿ ಅವಳನ್ನು ಇನ್ನೂ ಕಾಯಂ ಮಾಡಿರಲಿಲ್ಲ. ಚಳಿಗಾಲ ಕಳೆಯುವುದರೊಳಗೆ ಹೇಳುತ್ತೇನೆ ಎಂದಿದ್ದಳು.

ಆವತ್ತು ಸಂಜೆ ಮಗ ಕಚೇರಿಯಿಂದ ಬಂದು ಶೂ ಬಿಚ್ಚುವುದರೊಳಗೆ ಅತ್ತೆ ವರದಿ ಒಪ್ಪಿಸಿದಳು. "ಹೋದ ತಿಂಗಳು ಇಸ್ತ್ರಿಪೆಟ್ಟಿಗೆ ಸುಟ್ಟು ಹೋಯ್ತು. ಆಮೇಲೆ ಬಚ್ಚಲು ನಲ್ಲಿ ಕಿತ್ತು ಕೈಗೆ ಬಂತು. ಈಗ ಡ್ರೈಯರ್ ಬಿಸಿ ಆಗ್ತಿಲ್ಲ. ನಿನ್ನ ಹೆಂಡತಿ ಕೈಗುಣಾನೇ ಸರಿಯಿಲ್ಲ ಕಣೋ."

ಸಿಟ್ಟಿನಲ್ಲಿ ಬಂದ ಮಾತು. ಅವಳೇ ಅದನ್ನು ಮರುಗಳಿಗೆ ಮರೆತು ಆಲೂಗಡ್ಡೆ ಹೆಚ್ಚಲು ಹೋದಳು. ಆದರೆ ಅಡುಗೆಮನೆಯ ಬಾಗಿಲಲ್ಲಿ ಸೊಸೆ ತಟ್ಟೆಗಳನ್ನು ಹಿಡಿದು ನಿಂತಿದ್ದಳು, ಮತ್ತು ಮಗನಿಗೆ ಆ ಮಾತು ತುಂಬ ರುಚಿಸಿತು. ಅಂದಿನಿಂದ ಹಾಲು ಉಕ್ಕಿದರೆ ಕೈಗುಣ, ಬಲ್ಬು ಹೋದರೆ ಕೈಗುಣ, ಮಗಳು ಗಣಿತದಲ್ಲಿ ಕಡಿಮೆ ಅಂಕ ತಂದರೂ ನಗುತ್ತ, "ಪೆನ್ನು ಕೊಟ್ಟಿದ್ದು ನಿಮ್ಮಮ್ಮಾನಾ?" ಎಂದು ತಮಾಷೆಗೆ ಕೇಳುತ್ತಿದ್ದ. ತಮಾಷೆಯಂತೆ!

ಮೊದಲು ಮೊಮ್ಮಗಳೇ ಡ್ರೈಯರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಪರೀಕ್ಷೆ ಮಾಡಿದಳು. "ಅಜ್ಜಿ, ಗುಂಡಿ ತಣ್ಣನೆ ಗಾಳಿಗೆ ತಿರುಗಿಲ್ಲ ತಾನೆ?"

"ಇಲ್ಲ ಕಣೇ, ಜಾಸ್ತಿ ಬಿಸಿಗೇ ಇದೆ. ನೋಡು."

"ಸ್ವಿಚ್ ಬೋರ್ಡಲ್ಲಿ ಏನೂ ಟ್ರಿಪ್ ಆಗಿಲ್ವಾ?"

"ನಿಮ್ಮಪ್ಪ ನೋಡಿದ್ದಾನೆ. ಎಲ್ಲಾ ನೆಟ್ಟಗಿದೆ."

"ಜಾಲರಿ?"

ಜಾಲರಿಯನ್ನು ಸೊಸೆ ಪ್ರತಿಸಲವೂ ತೆಗೆದು, ಅದಕ್ಕೆ ಅಂಟಿದ ಬಟ್ಟೆಯ ನಯವಾದ ಧೂಳನ್ನು ಬೆರಳಲ್ಲಿ ಸುರುಳಿ ಸುತ್ತಿ ಬಿಸಾಕುತ್ತಿದ್ದಳು. ಎತ್ತಿ ಬೆಳಕಿಗೆ ಹಿಡಿದರೆ ಕನ್ನಡಕದ ಗಾಜಿನಷ್ಟು ಸ್ವಚ್ಛ. ಅತ್ತೆ, ಸೊಸೆ, ಮೊಮ್ಮಗಳು ಮೂವರೂ ಮುಖ ಮುಖ ನೋಡಿಕೊಂಡರು.

ಮಗನ ಗೆಳೆಯನೊಬ್ಬನಿದ್ದ, ರಿಪೇರಿ ಬಲ್ಲವನು. ಒಮ್ಮೆ ಬಾಯಿ ತೆರೆದರೆ ಮುಚ್ಚುತ್ತಿರಲಿಲ್ಲವಾದ್ದರಿಂದ ಎಲ್ಲರೂ ಅವನನ್ನು ರೇಡಿಯೋ ಎನ್ನುತ್ತಿದ್ದರು. ರೇಡಿಯೋ ಬಂದ, ಎರಡು ಲೋಟ ಟೀ ಕುಡಿದ, ತನ್ನ ಭಾವಮೈದುನನ ಸಂಸಾರದ ಕಥೆ ಹೇಳಿದ, ಡ್ರೈಯರನ್ನು ಗೋಡೆಯಿಂದ ಎಳೆದು ಬೆನ್ನಿನ ತಗಡು ಬಿಚ್ಚಿದ. ಉಗುರಿನಷ್ಟು ಉದ್ದದ ಬಿಳಿಯ ತುಂಡೊಂದನ್ನು ಕಿತ್ತು ಮೀಟರಿಗೆ ಹಿಡಿದ.

"ಇದು ಹೋಗಿದೆ. ಫ್ಯೂಸು. ಒಳಗೆ ಬಿಸಿ ಮಿತಿಮೀರಿದರೆ ಬೆಂಕಿ ಹತ್ತದಿರಲಿ ಅಂತ ಇದು ತಾನು ಸುಟ್ಟುಕೊಳ್ಳುತ್ತೆ. ತಿರುಗೋದು ತಿರುಗುತ್ತೆ, ಬಿಸಿ ಬರಲ್ಲ. ಬೇರೆ ಹಾಕ್ತೀನಿ. ಆದ್ರೆ ಬಿಸಿ ಯಾಕೆ ಮಿತಿಮೀರಿತು ಅಂತ ನೋಡ್ಬೇಕಲ್ಲ. ಈ ಪೈಪು ಎಲ್ಲಿಗೆ ಹೋಗುತ್ತೆ?"

"ಪಕ್ಕದ ಓಣಿಗೆ," ಎಂದ ಮಗ.

"ಆಚೆ ಬಾಯಿ ಕಟ್ಟಿಕೊಂಡಿದ್ಯಾ ನೋಡು ಒಂದ್ಸಲ. ಬಿಸಿಗಾಳಿ ಹೊರಗೆ ಹೋಗದಿದ್ರೆ ಒಳಗೇ ಕೂತು ಬೇಯುತ್ತೆ."

"ಅದನ್ನ ನಾನು ನೋಡ್ಕೋತೀನಿ. ನೀನು ಫ್ಯೂಸ್ ಹಾಕು."

ಪಕ್ಕದ ಓಣಿ ಎಂದರೆ ಮನೆಗೂ ಕಾಂಪೌಂಡಿಗೂ ನಡುವಿನ ಕಿರಿದಾದ ಜಾಗ. ಈಗ ಅದು ಓಣಿಯಲ್ಲ, ಗರಾಜು. ಚಳಿಗಾಲ ಶುರುವಾಗುವಾಗ ಮಗ ಒಂದು ಹಳೆಯ ಕಾರು ಕೊಂಡಿದ್ದ. ಹಳೆಯದಾದರೂ ಹೊಸದಾಗಿ ಬಣ್ಣ ಹೊಡೆಸಿದ ಕಡುನೀಲಿ ಕಾರು. ಅದಕ್ಕಾಗಿ ಓಣಿಗೆ ತಗಡಿನ ಮಾಡು, ಮುಂದೆ ಷಟರು, ಷಟರಿಗೆ ಬೀಗ, ಬೀಗದ ಕೈ ಅವನ ಜೇಬಿನಲ್ಲಿ. ಹೆಂಗಸರಿಗೆ ಅಲ್ಲೇನು ಕೆಲಸ?

ಹೊಸ ಫ್ಯೂಸು ಹಾಕಿದ ದಿನ ಬೆಡ್‌ಶೀಟುಗಳು ಗರಿಗರಿಯಾಗಿ ಹೊರಬಂದವು. ಸೊಸೆ ಬೆಚ್ಚಗಿದ್ದ ಒಂದನ್ನು ಕೆನ್ನೆಗೆ ಒತ್ತಿಕೊಂಡು ನಿಂತೇಬಿಟ್ಟಳು. ಕಂಡಕ್ಟರ್ ಬಿಸಿ ಹಾಸಿಗೆಯ ಮೇಲೆ ಮಲಗಿ, ಸೊಟ್ಟ ಬಾಯಲ್ಲೇ, "ರೈಟ್, ರೈಟ್" ಎಂದ. ಮನೆಮಂದಿಯೆಲ್ಲ ನಕ್ಕರು. ಆ ನಗು ಆ ವಾರ ಕಳೆಯುವ ತನಕವೂ ಬಾಳಲಿಲ್ಲ. ಡ್ರೈಯರ್ ಮತ್ತೆ ತಣ್ಣಗಾಯಿತು.

ರೇಡಿಯೋಗೆ ಫೋನು ಮಾಡಿದರೆ ಅವನು, "ಮತ್ತೆ ಹೋಯ್ತಾ? ಬಟ್ಟೆ ತುರುಕಿ ತುರುಕಿ ಹಾಕ್ತಾರೇನೋ" ಎಂದ. ಅಷ್ಟು ಸಾಕಾಯಿತು. ಮಗ ಫೋನು ಕೆಳಗಿಟ್ಟು ಹೆಂಡತಿಯ ಕಡೆ ತಿರುಗಿದ.

"ಎಷ್ಟು ಸಲ ಹೇಳೋದು, ಸ್ವಲ್ಪ ಸ್ವಲ್ಪ ಹಾಕು ಅಂತ?"

"ಒಂದು ಸಲಕ್ಕೆ ಎರಡೇ ಶೀಟ್ ಹಾಕ್ತೀನಿ ರೀ. ಅದಕ್ಕಿಂತ ಕಮ್ಮಿ ಹಾಕೋದು ಹೇಗೆ? ಅರ್ಧ ಶೀಟು ಹಾಕ್ಲಾ?"

"ಬಾಯಿಗೇನೂ ಕಮ್ಮಿ ಇಲ್ಲ. ಕೈ ಸರಿಯಿಲ್ಲ ಅಷ್ಟೆ."

"ಪೈಪು ನೋಡ್ತೀನಿ ಅಂದಿದ್ರಿ. ನೋಡಿದ್ರಾ?"

"ನೋಡಿದೆ, ನೋಡಿದೆ. ಅದೇನೂ ಆಗಿಲ್ಲ," ಎಂದು ಅವನು ಟವೆಲು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋದ. ಆ ಟವೆಲೂ ಒದ್ದೆಯಿತ್ತು. ಅದಕ್ಕೂ ಬಚ್ಚಲಿನಿಂದಲೇ ಕೂಗಾಡಿದ.

ಆಮೇಲಿನ ದಿನಗಳಲ್ಲಿ ಆ ಮನೆ ಮನೆಯಂತಿರಲಿಲ್ಲ. ನಡುಮನೆಯಲ್ಲಿ ಮೂರು ಹಗ್ಗ, ಅಡುಗೆಮನೆಯಲ್ಲಿ ಒಂದು. ಊಟಕ್ಕೆ ಕೂತರೆ ಯಾರದೋ ಕಾಲುಚೀಲದ ನೀರು ಸೂಪಿನ ಬಟ್ಟಲಿಗೆ ತೊಟ್ಟಿಕ್ಕುತ್ತಿತ್ತು. ಕಿಟಕಿಗಳೆಲ್ಲ ಬೆವರುತ್ತಿದ್ದವು, ಗೋಡೆಯ ಮೂಲೆ ಕಪ್ಪಾಗಿ ಬೂಷ್ಟು ಹಿಡಿಯಿತು. ಮೊಮ್ಮಗಳು ಸ್ಕೂಲಿನಿಂದ ಬಂದವಳೇ ಚೀಲ ಎಸೆದು, "ನನ್ನ ಯೂನಿಫಾರ್ಮು ಮುಗ್ಗಲು ವಾಸನೆ ಹೊಡೆಯುತ್ತೆ ಅಂತ ಪಕ್ಕ ಕೂರೋಳು ಮೂಗು ಮುಚ್ಕೋತಾಳೆ. ನಾಳೆಯಿಂದ ನಾನು ಹೋಗಲ್ಲ" ಎಂದು ಅತ್ತಳು.

ಸೊಸೆ ಎಲ್ಲರಿಗಿಂತ ಮುಂಚೆ ಎದ್ದು ಅರೆಒದ್ದೆ ಶೀಟುಗಳನ್ನು ಹೊಸದಾಗಿ ತಂದ ಇಸ್ತ್ರಿಪೆಟ್ಟಿಗೆಯಲ್ಲಿ ಒತ್ತಿ ಒತ್ತಿ ಒಣಗಿಸುತ್ತಿದ್ದಳು. ಹಬೆ ಮುಖಕ್ಕೆ ರಾಚುತ್ತಿತ್ತು. ಅಷ್ಟು ಮಾಡಿ ಮುಗಿಸಿ ಓಡಿದರೆ ಅಂಗಡಿಯ ಬಾಗಿಲು ತೆರೆದಾಗಿರುತ್ತಿತ್ತು. ಇನ್ನೊಂದು ವಿಚಿತ್ರವನ್ನೂ ಅತ್ತೆ ಗಮನಿಸಿದಳು: ದಿನಕ್ಕೊಮ್ಮೆ, ಏನಾದರೂ ಬದಲಾಗಿದೆಯೋ ಎಂದು ಡ್ರೈಯರ್ ಹಾಕಿ ನೋಡುವಾಗ ಸೊಸೆ ಮಗಳನ್ನು ಕೂಗಿ ಕರೆದು, "ನೀನೇ ಒತ್ತು ಗುಂಡೀನ" ಎನ್ನುತ್ತಿದ್ದಳು. ಗುಂಡಿ ಒತ್ತಲೂ ಇವಳಿಗೆ ಆಳು ಬೇಕಾ ಎಂದು ಅತ್ತೆ ಒಳಗೊಳಗೇ ಗೊಣಗಿದಳು.

ಒಂದು ಬೆಳಗ್ಗೆ ಆತುರದಲ್ಲಿ ಸೊಸೆ ಬುತ್ತಿಯ ಡಬ್ಬಿ ಮರೆತು ಹೋದಳು. ಪಕ್ಕದ ಮನೆಯ ಹುಡುಗಿಯನ್ನು ಕಂಡಕ್ಟರನ ಹತ್ತಿರ ಕೂರಿಸಿ ಅತ್ತೆಯೇ ಡಬ್ಬಿ ಹಿಡಿದು ಹೊರಟಳು. ಸೊಸೆ ಕೆಲಸ ಮಾಡುವುದನ್ನು ಅವಳು ಅದುವರೆಗೆ ಕಂಡಿರಲಿಲ್ಲ.

ಅಂಗಡಿಯ ಹಿಂದಿನ ಸಣ್ಣ ಕೋಣೆ. ದೀಪದ ಕೆಳಗೆ ಸೊಸೆ ಬೆನ್ನು ಬಗ್ಗಿಸಿ ಕೂತಿದ್ದಳು. ತಿರುಗುವ ಸಾಣೆಗಲ್ಲಿಗೆ ಗಾಜಿನ ಅಂಚನ್ನು ಹಿಡಿಯುತ್ತಿದ್ದಳು, ತೆಗೆದು ನೋಡುತ್ತಿದ್ದಳು, ಕೂದಲೆಳೆಯಷ್ಟು ಮತ್ತೆ ಹಿಡಿಯುತ್ತಿದ್ದಳು. ಆಮೇಲೆ ಫ್ರೇಮನ್ನು ಮೆತ್ತಗಾಗಲೆಂದು ಬಿಸಿ ಮರಳಿಗೆ ಹಿಡಿದು, ಹೆಬ್ಬೆರಳಿನಿಂದ ಒಂದೇ ಒತ್ತು. ಟಿಕ್ ಎಂದು ಗಾಜು ಕೂತಿತು. ಅತ್ತೆ ಬಾಗಿಲಲ್ಲೇ ನಿಂತು ಕಣ್ಣರಳಿಸಿ ನೋಡಿದಳು. ಆದರೆ ಮುಂದಿನ ಗಾಜು ಎತ್ತಿಕೊಳ್ಳುವ ಮುಂಚೆ ಸೊಸೆ ಅಂಗೈಯನ್ನು ಬಟ್ಟೆಗೆ ಒರೆಸಿ, ಬೆರಳು ಮಡಿಸಿ ಬಿಚ್ಚಿ, ಅನುಮಾನದಿಂದ ತನ್ನ ಕೈಯನ್ನೇ ನೋಡಿಕೊಂಡಳು. ಅದು ಅತ್ತೆಗೆ ಅರ್ಥವಾಗಲಿಲ್ಲ.

ಒಡತಿ ದಪ್ಪ ಕನ್ನಡಕದ, ನೇರ ಮಾತಿನ ಹೆಂಗಸು. ಡಬ್ಬಿ ಇಸಿದುಕೊಂಡು ಅತ್ತೆಯನ್ನು ಪಕ್ಕಕ್ಕೆ ಕರೆದಳು. "ನಿಮ್ಮ ಸೊಸೆ ಕೈ ಬಂಗಾರದಂಥಾದ್ದು. ಅವರು ಬಂದ ಮೇಲೆ ಗಾಜು ಒಡೆಯೋದು ನಿಂತೇಹೋಗಿದೆ. ಆದ್ರೆ ಅಮ್ಮ, ಬೆಳಗ್ಗೆ ಬಾಗಿಲು ತೆಗೆಯುವಾಗ ಇರಲ್ಲ. ಕೇಳಿದ್ರೆ ಬಟ್ಟೆ ಒಣಗಿಸ್ತಿದ್ದೆ ಅಂತಾರೆ. ನಾನು ಅಂಗಡಿ ನಡೆಸ್ಬೇಕಲ್ವಾ? ಸೋಮವಾರ ಹೊಸ ಸಾಣೆಯಂತ್ರ ಬರುತ್ತೆ. ಅದರ ಮುಂದೆ ಯಾರನ್ನ ಕೂರಿಸೋದು ಅಂತ ಅವತ್ತೇ ತೀರ್ಮಾನ. ಬಾಗಿಲು ತೆಗೆಯುವಾಗ ಇವರಿದ್ರೆ ಇವರು. ಇಲ್ಲದಿದ್ರೆ ಕಾಯ್ತಿರೋರು ಬೇರೆ ಇದ್ದಾರೆ."

ಅತ್ತೆ ದಾರಿಯುದ್ದಕ್ಕೂ ತನ್ನಷ್ಟಕ್ಕೆ ಬೈದುಕೊಳ್ಳುತ್ತ ಬಂದಳು. ಬೈದದ್ದು ಯಾರನ್ನು ಎಂಬುದು ಅವಳಿಗೇ ಸ್ಪಷ್ಟವಿರಲಿಲ್ಲ. ಒಡತಿಯನ್ನೋ, ರೇಡಿಯೋನನ್ನೋ, ತನ್ನ ನಾಲಿಗೆಯನ್ನೋ. ಬಂಗಾರದ ಕೈಯಂತೆ. ಹೊರಗಿನವರು ಬಂಗಾರ ಎನ್ನುವ ಕೈಗೆ ಮನೆಯವರು ಇಟ್ಟ ಹೆಸರೇನು? ಮನೆಗೆ ಬಂದವಳು ಚಪ್ಪಲಿ ಬಿಟ್ಟು ನೆಟ್ಟಗೆ ಡ್ರೈಯರಿನ ಹತ್ತಿರ ಹೋದಳು. ಗೋಡೆ ಮುಟ್ಟಿ ನೋಡಿದಳು. ಪೈಪು ಗೋಡೆಯೊಳಗೆ ಹೋಗುವ ಜಾಗದಲ್ಲಿ ಸುಣ್ಣ ಉಬ್ಬಿ, ಹಕ್ಕಳೆಯಾಗಿ ಉದುರುತ್ತಿತ್ತು. ಪೈಪಿನ ಸುತ್ತ ಮಾತ್ರ ಇಷ್ಟು ತೇವ ಹೇಗೆ ಬಂತು? ಗಾಳಿ ಹೊರಗೆ ಹೋಗದಿದ್ದರೆ ಒಳಗೇ ಕೂರುತ್ತದೆ ಎಂದು ರೇಡಿಯೋ ಅಂದಿದ್ದನಲ್ಲ, ಆ ಒಂದು ಮಾತಾದರೂ ಅವನು ಸರಿಯಾಗಿ ಆಡಿದ್ದ.

"ಓಣಿ ಬೀಗದ ಕೈ ಕೊಡೋ," ಎಂದು ಸಂಜೆ ಮಗನನ್ನು ಕೇಳಿದಳು.

"ಯಾಕೆ?"

"ಪೈಪಿನ ಬಾಯಿ ನೋಡ್ಬೇಕು."

"ನಾನು ನೋಡಿದ್ದೀನಿ ಅಂದ್ನಲ್ಲಮ್ಮ. ಅಲ್ಲಿ ಜಾಗ ಇಕ್ಕಟ್ಟು, ನಿನ್ನ ಬಳೆ ತಾಗಿ ಬಣ್ಣ ಗೀಚಿಹೋಗುತ್ತೆ."

ಅತ್ತೆ ರಜೆಯ ದಿನಕ್ಕೆ ಕಾದಳು. ಭಾನುವಾರ ಬೆಳಗ್ಗೆ ಅವನು ಷಟರು ಎತ್ತಿ, ಬಕೆಟ್ಟಿನಲ್ಲಿ ನೊರೆ ಕಲಸಿ, ಹಾಡು ಗುನುಗುತ್ತ ಕಾರು ತೊಳೆಯಲು ನಿಂತಾಗ ಹಿಂದಿನಿಂದ ಹೋದಳು. ಗೋಡೆಗೂ ಕಾರಿಗೂ ನಡುವೆ ಅಡ್ಡಡ್ಡ ತೂರಿಕೊಂಡು ಒಳಗೆ ನಡೆದಳು. ಬಳೆ ತಾಗಿದರೆ ತಾಗಲಿ.

ಪೈಪಿನ ಬಾಯಿ ಅವಳ ಎದೆಯ ಮಟ್ಟಕ್ಕಿತ್ತು. ಬಾಯಿ ಎಲ್ಲಿತ್ತು? ಪ್ಲಾಸ್ಟಿಕ್ ಚೀಲದಲ್ಲಿ ಚಿಂದಿ ತುಂಬಿ, ಅದನ್ನು ಬಿರಡೆಯಂತೆ ಒಳಗೆ ಜಡಿದು, ಮೇಲೆ ಅಗಲವಾದ ಟೇಪನ್ನು ಅಡ್ಡಕ್ಕೂ ಉದ್ದಕ್ಕೂ ಅಂಟಿಸಲಾಗಿತ್ತು. ಅಚ್ಚುಕಟ್ಟಾದ ಕೆಲಸ. ಅಂಚುಗಳನ್ನು ಕತ್ತರಿಯಿಂದ ನೇರ ಮಾಡಲಾಗಿತ್ತು.

"ಏನೋ ಇದು?"

ಮಗ ಸ್ಪಂಜು ಹಿಡಿದೇ ಇಣುಕಿದ. "ಅದಾ? ಅದರಿಂದ ಹತ್ತಿ ಥರ ಧೂಳು ಬರ್ತಿತ್ತಮ್ಮ. ಒದ್ದೆ ಗಾಳಿ ಬೇರೆ. ಕಾರ್ ಮೇಲೆಲ್ಲ ಕೂತು ಅಂಟ್ಕೊಳ್ತಿತ್ತು. ಅದಕ್ಕೆ ಮುಚ್ಚಿದೆ."

"ಯಾವಾಗ ಮುಚ್ಚಿದೆ?"

"ಕಾರ್ ತಂದ ವಾರ."

"ಕಾರ್ ತಂದ ವಾರ! ಮೆಷಿನ್ ತಣ್ಣಗಾಗಿದ್ದು ಯಾವಾಗ? ರೇಡಿಯೋ ಪೈಪಿನ ಬಾಯಿ ನೋಡು ಅಂದಾಗ ನಿನ್ನ ಬುದ್ಧಿ ಎಲ್ಲಿಗೆ ಹೋಗಿತ್ತೋ?"

"ಬಾಯಿ ಕಟ್ಟಿಕೊಂಡಿದ್ಯಾ ಅಂತ ಕೇಳಿದ. ಅದು ಕಟ್ಟಿಕೊಂಡಿರಲಿಲ್ಲ. ನಾನೇ ಮುಚ್ಚಿದ್ದು."

ತಮಾಷೆಯೋ ಎಂದು ಅತ್ತೆ ಅವನ ಮುಖ ನೋಡಿದಳು. ತಮಾಷೆಯಲ್ಲ. ತಾನೇ ಹೆತ್ತು, ತಾನೇ ಓದಿಸಿ, ಕಚೇರಿಗೆ ಕಳಿಸಿದ ಮಗ, ಕೈಯಲ್ಲಿ ನೊರೆ ಸುರಿಸುತ್ತ, ನಿಜವಾಗಿಯೂ ಹಾಗೆ ಅಂದುಕೊಂಡೇ ನಿಂತಿದ್ದ.

"ನಿನ್ನ ಮೂಗು ಬಾಯಿಗೆ ಇದೇ ಟೇಪು ಅಂಟಿಸಿ ಓಡು ಅಂತೀನಿ, ಓಡ್ತೀಯಾ?" ಎಂದು ಅವಳು ಟೇಪನ್ನು ಪರಪರ ಕಿತ್ತಳು. ಚಿಂದಿಯ ಗಂಟು ಈಚೆ ಬಂದೊಡನೆ ಒಳಗಿನಿಂದ ಹಸಿ ಧೂಳಿನ ಮುದ್ದೆ ಕಾರಿನ ಬಾನೆಟ್ಟಿನ ಮೇಲೆ ಧೊಪ್ಪನೆ ಬಿತ್ತು. ಮಗ "ಅಯ್ಯೋ!" ಎಂದು ಓಡಿ ಬಂದು ಮೊದಲು ಅದನ್ನು ಒರೆಸಿದ. ಆಮೇಲೆ ತಾಯಿಯ ಹತ್ತಿರ ಬಂದು ದನಿ ತಗ್ಗಿಸಿದ.

"ಆಯ್ತಮ್ಮ, ತೆಗೆದಾಯ್ತಲ್ಲ. ಅವಳಿಗೆ ಹೇಳ್ಬೇಡ. ಸುಮ್ನೆ ರಾದ್ಧಾಂತ ಆಗುತ್ತೆ. ರೇಡಿಯೋ ಅಕ್ಕನ ಊರಿಗೆ ಹೋಗಿದ್ದಾನೆ, ಗುರುವಾರ ಬಂದು ಇನ್ನೊಂದು ಫ್ಯೂಸ್ ಹಾಕ್ತಾನೆ. ಅಲ್ಲಿಗೆ ಮುಗೀತು."

ಅವನ ದನಿ ಚಿಕ್ಕಂದಿನದೇ. ಲೋಟ ಒಡೆದು ಬಂದು ಅಪ್ಪನಿಗೆ ಹೇಳಬೇಡ ಎನ್ನುತ್ತಿದ್ದ ದನಿ. ಆಗೆಲ್ಲ ಅವಳು ಹೇಳಿರಲಿಲ್ಲ. ಈಗಲೂ ಏನೂ ಹೇಳದೆ ಒಳಗೆ ಬಂದಳು. ಬಂದು ಹುರುಳಿಕಾಯಿ ಮುರಿಯುತ್ತ ಕೂತಳು. ಸೊಸೆಗೆ ಹೇಳದಿದ್ದರೆ ಮನೆ ತಣ್ಣಗಿರುತ್ತದೆ ಎಂದು ಒಮ್ಮೆ ಅನ್ನಿಸಿತು. ಮನೆ ತಣ್ಣಗಿರುವುದು ಯಾರ ತಲೆಯ ಮೇಲೆ ಎಂದು ಇನ್ನೊಮ್ಮೆ ಅನ್ನಿಸಿತು. ಹುರುಳಿಕಾಯಿ ಮುರಿದು ಮುಗಿದರೂ ಒಂದು ತೀರ್ಮಾನಕ್ಕೆ ಬರಲಾಗಲಿಲ್ಲ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತರು. ಸೊಸೆ ಮಾವನಿಗೆ ಚಮಚದಲ್ಲಿ ತಿನ್ನಿಸಿ ಬಂದು ತನ್ನ ತಟ್ಟೆಯ ಮುಂದೆ ಕೂತಳು. ತುತ್ತು ಎತ್ತಲಿಲ್ಲ.

"ನಾಳೆ ಹೋಗಿ ಬಿಟ್ಟುಬಿಡ್ತೀನಿ ಅಂತ ಹೇಳಿ ಬರ್ತೀನಿ," ಎಂದಳು. "ಅವರಾಗಿ ಕಳಿಸೋದಕ್ಕಿಂತ ನಾನಾಗೇ ಬಿಡೋದು ಮೇಲು. ಮಾವನ ಬೆನ್ನು ಆಗಲೇ ಕೆಂಪಾಗಿದೆ. ನನ್ನ ಕೈಲಿ ಎರಡೂ ಆಗ್ತಿಲ್ಲ."

"ಅಮ್ಮಾ, ಬೇಡ," ಎಂದಳು ಮೊಮ್ಮಗಳು.

ಅತ್ತೆ ಮಗನ ಮುಖ ನೋಡಿದಳು. ಈಗ ಹೇಳುತ್ತಾನೆ, ಈಗಲಾದರೂ ಹೇಳುತ್ತಾನೆ ಎಂದು ಕಾದಳು. ಅವನು ಬ್ರೆಡ್ಡು ಮುರಿದು ಸೂಪಿಗೆ ಅದ್ದಿ ಬಾಯಿಗಿಟ್ಟುಕೊಂಡು, "ಅದೇ ಸರಿ. ಎಲ್ಲರಿಗೂ ಎಲ್ಲಾ ಆಗಿಬರಲ್ಲ. ಕೈಗುಣ ಅನ್ನೋದೂ ಒಂದು ಇರುತ್ತಲ್ಲ" ಎಂದ.

ಅತ್ತೆ ಸೌಟನ್ನು ಪಾತ್ರೆಗೆ ಬಿಸಾಡಿದಳು. ಸೂಪು ಮೇಜಿನ ಮೇಲೆಲ್ಲ ಎಗರಿತು.

"ಹೇಳೋ! ನೀನು ಹೇಳ್ತೀಯೋ, ನಾನು ಹೇಳ್ಲೋ?"

"ಅಮ್ಮ, ಊಟದ ಹೊತ್ತಲ್ಲಿ..."

"ಊಟ ಒಳಗೆ ಹೇಗೆ ಇಳಿಯುತ್ತೋ ನಿನಗೆ? ಕೇಳಮ್ಮ ಇಲ್ಲಿ," ಎಂದು ಸೊಸೆಯ ಕಡೆ ತಿರುಗಿದಳು. "ಮೆಷಿನ್ ಕೆಡಿಸಿದ್ದು ನೀನಲ್ಲ. ನಿನ್ನ ಗಂಡ. ಕಾರಿಗೆ ಧೂಳು ಬೀಳುತ್ತೆ ಅಂತ ಪೈಪಿನ ಬಾಯಿಗೆ ಚಿಂದಿ ಜಡಿದು ಟೇಪು ಅಂಟಿಸಿದ್ದಾನೆ. ಕಾರು ತಂದ ವಾರವೇ. ಬೆಳಗ್ಗೆ ನನ್ನ ಕೈಯಾರೆ ಕಿತ್ತೆ. ನಿನಗೆ ಹೇಳ್ಬೇಡ ಅಂತ ನನ್ನ ಬಾಯಿಗೂ ಅದೇ ಟೇಪು ಅಂಟಿಸೋಕೆ ನೋಡಿದ."

"ಅಪ್ಪಾ!" ಎಂದಳು ಮೊಮ್ಮಗಳು.

ಮಂಚದ ಮೇಲಿನಿಂದ ಕಂಡಕ್ಟರನ ತೊದಲು ದನಿ ಬಂತು. "ಲೋ. ನಾನು ಒದ್ದೇಲಿ ಬಿದ್ದಿದ್ದು ನಿನ್ನ ಕಾರಿಗೇನೋ?"

"ನಾನೇನು ಬೇಕೂಂತ ಮಾಡಿದ್ನಾ?" ಎಂದು ಮಗ ಎದ್ದು ನಿಂತ. "ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ನನಗೇನು ಗೊತ್ತಿತ್ತು?"

ಸೊಸೆ ಕೂಗಾಡಲಿಲ್ಲ. ತನ್ನ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟು ನೋಡುತ್ತ ಕೂತಿದ್ದಳು. "ಬೆಳಗ್ಗೆ ಗೊತ್ತಾಯ್ತಲ್ಲ," ಎಂದಳು. "ಗೊತ್ತಾದ ಮೇಲೂ ಈಗ ಏನಂದ್ರಿ? ಮತ್ತೆ ಹೇಳಿ." ಅವನು ತಾಯಿಯ ಕಡೆ ತಿರುಗಿದ. "ನಾನು ಆ ಗುಂಡಿ ಮುಟ್ಟೋದೇ ಬಿಟ್ಟಿದ್ದೆ ರೀ. ನಾನು ಮುಟ್ಟಿದ್ರೆ ಬಿಸಿ ಬರಲ್ಲ ಅಂತ ಮಗಳ ಕೈಲಿ ಒತ್ತಿಸ್ತಿದ್ದೆ. ಅಂಗಡೀಲಿ ಗಾಜು ಹಿಡಿದರೆ ಇದೂ ಒಡೆದುಹೋಗುತ್ತೆ ಅಂತ ಬೆರಳು ನಡುಗೋಕೆ ಶುರುವಾಗಿತ್ತು. ನನ್ನ ಕೈಯಲ್ಲೇ ಏನೋ ಇದೆ ಅಂತ ನಾನೇ ನಂಬಿಬಿಟ್ಟಿದ್ದೆ."

ಅತ್ತೆ ಅವಳ ಪಕ್ಕಕ್ಕೆ ಸರಿದಳು. ಅವಳ ತಲೆ ಸವರಲು ಕೈ ಚಾಚಿದಳು. ಸೊಸೆ ತಲೆ ಹಿಂದಕ್ಕೆ ಎಳೆದುಕೊಂಡಳು.

"ಆ ಮಾ‌ತು ಮೊದಲು ಆಡಿದ್ದು ಇವರಲ್ಲ ಅತ್ತೆ. ನೀವು."

"ಹೌದು," ಎಂದಳು ಅತ್ತೆ. "ನಾನೇ. ಆಡಬಾರದಿತ್ತು."

ಸೊಸೆ ಅದಕ್ಕೆ ಸಮಾಧಾನ ಹೇಳಲಿಲ್ಲ. ತಟ್ಟೆ ಎತ್ತಿಕೊಂಡು ಎದ್ದಳು. "ನಾಳೆ ನಾನು ಕೆಲಸಕ್ಕೆ ಹೋಗ್ತೀನಿ. ಬಾಗಿಲು ತೆಗೆಯೋ ಹೊತ್ತಿಗೆ ಅಲ್ಲಿರ್ತೀನಿ. ಇಲ್ಲಿಯದು ಏನಾಗುತ್ತೋ ನನಗೆ ಗೊತ್ತಿಲ್ಲ," ಎಂದು ಹೇಳಿ ನಲ್ಲಿ ತಿರುಗಿಸಿದಳು.

ಸೋಮವಾರ ಬೆಳಗ್ಗೆ ಡ್ರೈಯರ್ ತಣ್ಣಗೇ ಇತ್ತು. ಫ್ಯೂಸಿಗೆ ಗುರುವಾರದ ತನಕ ದಿಕ್ಕಿಲ್ಲ. ರಾತ್ರಿಯ ಶೀಟುಗಳು, ಟವೆಲುಗಳು, ಮೊಮ್ಮಗಳ ಯೂನಿಫಾರ್ಮು ಒಗೆದು ಹಿಂಡಿ ಎರಡು ಬಕೆಟ್ಟಿನಲ್ಲಿ ತುಂಬಿದ್ದವು. ಸೊಸೆ ತಲೆ ಬಾಚಿ, ಡಬ್ಬಿ ಚೀಲಕ್ಕೆ ಹಾಕಿ, ಚಪ್ಪಲಿ ಮೆಟ್ಟುತ್ತಿದ್ದಳು. ಮಗ ಕಚೇರಿಯ ಶರ್ಟು ತೊಟ್ಟು ಕಾರಿನ ಕೀಲಿ ಬೆರಳಲ್ಲಿ ತಿರುಗಿಸುತ್ತ ನಿಂತಿದ್ದ.

"ಇವತ್ತೊಂದು ದಿನ ನೀನು..." ಎಂದು ಶುರುಮಾಡಿದ.

"ಇವತ್ತೊಂದು ದಿನ ನೀವು," ಎಂದು ಸೊಸೆ ಹೊರಟೇಹೋದಳು. ಗೇಟಿನ ಸದ್ದೂ ಕೇಳಿಸಿತು.

ಮಗ ಬಕೆಟ್ಟುಗಳನ್ನು ನೋಡಿದ, ತಾಯಿಯನ್ನು ನೋಡಿದ.

"ನನ್ನ ಕೈ ಮೇಲೇಳಲ್ಲ," ಎಂದಳು ಅತ್ತೆ. "ನಿನ್ನ ಕೈ ಏಳುತ್ತೆ. ಇಲ್ಲಿ ಹಗ್ಗದಲ್ಲಿ ಜಾಗ ಇಲ್ಲ. ಕಾರು ಬೀದಿಗೆ ನಿಲ್ಲಿಸಿ ಓಣೀಲಿ ಹಗ್ಗ ಕಟ್ಟು, ಅಲ್ಲಿ ಗಾಳಿ ಆಡುತ್ತೆ. ಹರವಿ, ಗಳಿಗೆಗೊಮ್ಮೆ ಮಗುಚಿ ಹಾಕಬೇಕು. ಅರ್ಧ ಆರಿದ ಮೇಲೆ ಇಸ್ತ್ರಿ. ಅಪ್ಪನಿಗೆ ಮಧ್ಯಾಹ್ನದೊಳಗೆ ಎರಡಾದ್ರೂ ಬೇಕು."

"ಹಾಗಾದ್ರೆ ನನಗೆ ಇಡೀ ದಿನ ರಜ ಆಗುತ್ತಲ್ಲ!"

"ಆಗುತ್ತೆ."

ಅವನು ಉಸಿರುಬಿಟ್ಟು ಫೋನು ತೆಗೆದ. ನಂಬರು ಒತ್ತಿ, ಮತ್ತೆ ತಡೆದು, ತಾಯಿಯ ಕಡೆ ನೋಡಿದ. "ಸಾಹೇಬರಿಗೆ ಏನಂತ ಹೇಳ್ಲಿ? ಹೆಂಡತಿಗೆ ಹುಷಾರಿಲ್ಲ ಅಂತ ಹೇಳಿಬಿಡ್ತೀನಿ."

ಅತ್ತೆಯ ಮೈಯೆಲ್ಲ ಉರಿದುಹೋಯಿತು. "ಅವಳು ಗಟ್ಟಿಮುಟ್ಟಾಗಿ ಕೆಲಸಕ್ಕೆ ಹೋಗಿದ್ದಾಳೆ. ಇದನ್ನೂ ಅವಳ ತಲೆಗೇ ಕಟ್ಟಬೇಡ. ಇದ್ದದ್ದು ಹೇಳು. ಬಟ್ಟೆ ಒಣಗಿಸಬೇಕು ಅಂತ ಹೇಳು."

"ಅಮ್ಮ!"

"ನನ್ನೆದುರಿಗೇ ಹೇಳು."

ಫೋನು ಆ ಕಡೆ ಎತ್ತಿದ್ದರು. ಮಗ ಗೋಡೆಯ ಕಡೆ ಮುಖ ಮಾಡಿ, ಗಂಟಲು ಸರಿಮಾಡಿಕೊಂಡು, "ಸಾರ್, ಇವತ್ತು ಬರೋಕಾಗಲ್ಲ... ಇಲ್ಲ ಸಾರ್, ಹುಷಾರಾಗಿದ್ದೀನಿ... ಮನೇಲಿ ಬಟ್ಟೆ ಒಣಗಿಸಬೇಕಾಗಿದೆ ಸಾರ್" ಎಂದ. ಆಮೇಲೆ ಆ ಕಡೆಯ ಗಹಗಹ ನಗು ಅತ್ತೆಯ ಕಿವಿಗೂ ಕೇಳಿಸಿತು. ಯಾರನ್ನೋ ಕರೆದು ಹೇಳಿ ಇನ್ನೊಮ್ಮೆ ನಕ್ಕದ್ದೂ ಕೇಳಿಸಿತು. ಮಗನ ಕಿವಿಯ ತುದಿ ಕೆಂಪಾಯಿತು.

ಇದೇ ಮಾತನ್ನು ಸೊಸೆ ಎಷ್ಟೋ ಬೆಳಗ್ಗೆ ಒಡತಿಯ ಮುಂದೆ ನಿಂತು ಹೇಳಿದ್ದಳು. ಆಗ ಯಾರೂ ನಕ್ಕಿರಲಿಲ್ಲ. ಹೆಂಗಸಿನ ಬಾಯಲ್ಲಿ ಅದು ನಗುವ ಮಾತಾಗಿರಲಿಲ್ಲ, ಕೆಲಸ ಕಳೆಯುವ ಮಾತಾಗಿತ್ತು.

ಮಗ ಫೋನು ಜೇಬಿಗೆ ಹಾಕಿದ. "ನಗ್ತಾರಮ್ಮ."

"ನಗಲಿ," ಎಂದಳು ಅತ್ತೆ. "ಬಕೆಟ್ ಎತ್ತು."